ಕಪ್ ನಮ್ದು, ಅಂಗಳ ಯಾರದ್ದು?

ನಮ್ಮೂರ ಕಡೆ ‘ಆಟ’ ಅಂದರೆ ಯಕ್ಷಗಾನ. ‘ಇವತ್ತ್ ಆಟಕ್ಕೆ ಹೋಯ್ಕ್’ ಅಂತ ಯಾರಾದರೂ ಹೇಳಿದರೆ ಬ್ಯಾಟು, ಬಾಲು ಯಾರ ತಲೆಗೂ ಬರುವುದಿಲ್ಲ. ಬ್ರಹ್ಮಾವರ ಪೇಟೆಯಿಂದ ಒಳಗೆ ನಾಲ್ಕೈದು ಕಿಲೋಮೀಟರ್ ಹೋದರೆ ಸಿಗುವ ಹಳ್ಳಿ ನಮ್ಮದು. ಕ್ರಿಕೆಟ್ಟಿಗೆ ನಮ್ಮಲ್ಲಿ ಸ್ವಂತ ಮೈದಾನ ಇರಲಿಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಯೇ ನಮ್ಮ ಹೋಮ್ ಗ್ರೌಂಡ್. ತೆಂಗಿನ ಮಡಲಿನ ಬುಡ ಕೆತ್ತಿದರೆ ಬ್ಯಾಟ್. ಗದ್ದೆಯ ಯಜಮಾನರು ಉದ್ದು ಬಿತ್ತಿದರು ಅಂದರೆ ನಮ್ಮ ಸೀಸನ್ ಮುಗಿಯಿತು. ಮತ್ತೆ ಯಾರ ಗದ್ದೆ ಖಾಲಿ ಇದೆ ಅಂತ ಹುಡುಕಿಕೊಂಡು ಹೊರಡುವುದು.

ಹಾಗಾಗಿ ‘ಹೋಮ್ ಗ್ರೌಂಡ್’ ಅನ್ನುವ ಮಾತು ನನಗೆ ನಿಜವಾಗಿ ಅರ್ಥವಾಗಿದ್ದು ಬೆಂಗಳೂರಿಗೆ ಬಂದು, ಕಬ್ಬನ್ ರಸ್ತೆಯ ಕಡೆಯಿಂದ ಮೊದಲ ಸಲ ಚಿನ್ನಸ್ವಾಮಿ ಸ್ಟೇಡಿಯಂ ಒಳಗೆ ಕಾಲಿಟ್ಟಾಗ. ಒಂದು ತಂಡಕ್ಕೆ ತನ್ನದು ಅಂತ ಒಂದು ಅಂಗಳ. ಅದಕ್ಕೆ ಯಾರೂ ಉದ್ದು ಬಿತ್ತುವುದಿಲ್ಲ!

2025ರ ಜೂನ್ 4ರ ಸಂಜೆಯಿಂದ ಆ ಅಂಗಳದ ಬಗ್ಗೆ ಬರೆಯಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದೇನೆ.  ಅದೇ ವರ್ಷ ನವೆಂಬರ್ ಎರಡನೇ ತಾರೀಖು ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದಾಗ ಖುಷಿಯ ಜೊತೆಗೇ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಮೊದಲು ಶುರುವಿನಿಂದ ಬರೋಣ.

ಆರ್‌ಸಿಬಿ ಹುಟ್ಟಿದ್ದು 2008ರಲ್ಲಿ. ಆದರೆ ಬೆಂಗಳೂರಿನ ಕ್ರಿಕೆಟ್ ಕಥೆ ಅದಕ್ಕಿಂತ ಬಹಳ ಹಳೆಯದು. ಮೈಸೂರು ಸ್ಟೇಟ್ ಕ್ರಿಕೆಟ್ ಅಸೋಸಿಯೇಷನ್ ಶುರುವಾಗಿದ್ದು 1933ರಲ್ಲಿ. ಮರು ವರ್ಷ ರಣಜಿ ಟ್ರೋಫಿ ಆರಂಭವಾಯಿತು. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ ಆ ಟೂರ್ನಿಯ ಮೊಟ್ಟಮೊದಲ ಪಂದ್ಯ, ಮದ್ರಾಸ್ ವಿರುದ್ಧ ಮೈಸೂರು. ಎಷ್ಟು ದಿನ ನಡೆಯಿತು ಗೊತ್ತಾ? ಒಂದೇ ದಿನ! ಎ.ಜಿ. ರಾಮ್ ಸಿಂಗ್ 11 ವಿಕೆಟ್ ಕಿತ್ತರು, ಮೈಸೂರು ಒಂದು ಇನಿಂಗ್ಸ್ ಮತ್ತು 23 ರನ್ನುಗಳಿಂದ ಸೋತು ಸಾಯಂಕಾಲಕ್ಕೆ ಗಂಟುಮೂಟೆ ಕಟ್ಟಿತು.

ಇದನ್ನು ಓದಿದಾಗ ನನಗೆ ನಗು ತಡೆಯಲಿಲ್ಲ. ಐಪಿಎಲ್‌ನ ಮೊಟ್ಟಮೊದಲ ಪಂದ್ಯವೂ ಹಾಗೇ ಆಯಿತಲ್ಲ. 2008ರ ಏಪ್ರಿಲ್ 18, ಚಿನ್ನಸ್ವಾಮಿ ಸ್ಟೇಡಿಯಂ. ಕೋಲ್ಕತಾದ ಬ್ರೆಂಡನ್ ಮೆಕಲಮ್ 158 ಹೊಡೆದು ಔಟಾಗದೆ ಉಳಿದ. ಅವರು 222, ನಾವು 82ಕ್ಕೆ ಆಲೌಟ್. ನಮ್ಮ ಇನಿಂಗ್ಸಿನಲ್ಲಿ ಅತಿ ಹೆಚ್ಚು ರನ್ ಮಾಡಿದವರು ಯಾರೂ ಅಲ್ಲ, ‘ಇತರೆ’. ಬರೋಬ್ಬರಿ 19. ಊರಿನ ಮನೆಯ ಜಗಲಿಯಲ್ಲಿ ಟಿವಿ ಮುಂದೆ ಕೂತಿದ್ದ ನಾವೆಲ್ಲ ಹತ್ತು ಓವರ್ ಆಗುವ ಮೊದಲೇ ಒಬ್ಬೊಬ್ಬರಾಗಿ ಎದ್ದು ಊಟಕ್ಕೆ ಹೋದೆವು. ದೇಶದ ಎರಡು ದೊಡ್ಡ ಟೂರ್ನಿಗಳ ಎರಡೂ ಉದ್ಘಾಟನಾ ಪಂದ್ಯಗಳಲ್ಲಿ ಹೀನಾಯವಾಗಿ ಸೋತ ಹೆಗ್ಗಳಿಕೆ ನಮ್ಮದೇ. ಇದಕ್ಕೂ ಪುಣ್ಯ ಮಾಡಿರಬೇಕು.

ಸ್ಟೇಡಿಯಂ ಕಥೆಗೆ ವಾಪಸು ಬರುತ್ತೇನೆ. ಮೊದಲೆಲ್ಲ ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. ಸಂಸ್ಥೆಗೆ ಸ್ವಂತದ್ದೊಂದು ಸ್ಟೇಡಿಯಂ ಬೇಕು ಅಂತ ಪಟ್ಟು ಹಿಡಿದು ಓಡಾಡಿದವರು ವಕೀಲರಾಗಿದ್ದ ಎಂ. ಚಿನ್ನಸ್ವಾಮಿ. ಅವರು ಮುಂದೆ 1977ರಿಂದ 80ರವರೆಗೆ ಬಿಸಿಸಿಐ ಅಧ್ಯಕ್ಷರೂ ಆದರು. ಕಬ್ಬನ್ ಪಾರ್ಕಿನ ಪಕ್ಕ, ಎಂ.ಜಿ. ರಸ್ತೆಯ ತುದಿಯಲ್ಲಿ ಸರ್ಕಾರದ ಜಾಗ ಗುತ್ತಿಗೆಗೆ ಸಿಕ್ಕಿತು. 1969ರಲ್ಲಿ ಶಂಕುಸ್ಥಾಪನೆ, ಮರು ವರ್ಷ ಕೆಲಸ ಶುರು. ಮೊದಲು ಅದು ಕೆ.ಎಸ್.ಸಿ.ಎ. ಸ್ಟೇಡಿಯಂ, ಚಿನ್ನಸ್ವಾಮಿಯವರ ಹೆಸರು ಬಂದಿದ್ದು ಆಮೇಲೆ.

ನಮ್ಮ ದೊಡ್ಡಪ್ಪ ಆ ಕಾಲದಲ್ಲಿ ಬೆಂಗಳೂರಿನಲ್ಲಿದ್ದರು. ಕುಂದಾಪುರ, ಬ್ರಹ್ಮಾವರ ಕಡೆಯ ಎಷ್ಟೋ ಹುಡುಗರ ಹಾಗೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೆಜೆಸ್ಟಿಕ್ ಹತ್ತಿರದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದ್ದರು. 1974ರ ಮಾರ್ಚಿನಲ್ಲಿ ಒಂದು ದಿನ ಯಜಮಾನರ ಹತ್ತಿರ ಹೊಟ್ಟೆನೋವು ಅಂತ ಸುಳ್ಳು ಹೇಳಿ ರಣಜಿ ಸೆಮಿಫೈನಲ್ ನೋಡಲು ಹೋಗಿದ್ದರಂತೆ. ಎದುರಾಳಿ ಬಾಂಬೆ. ಸತತ 15 ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದ ಬಾಂಬೆ! ಜಿ.ಆರ್. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ಆಮೇಲೆ ಪ್ರಸನ್ನ ಅವರ ಬಾಲಿಗೆ ಗಾವಸ್ಕರ್ ಬೌಲ್ಡ್. ಮೊದಲ ಇನಿಂಗ್ಸ್ ಮುನ್ನಡೆಯಲ್ಲಿ ಬಾಂಬೆಯನ್ನು ಹೊರಗಟ್ಟಿ, ಜೈಪುರದ ಫೈನಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ, ನಮ್ಮವರು ಮೊದಲ ಸಲ ರಣಜಿ ಗೆದ್ದರು.

“ಸಿಮೆಂಟ್ ಮೆಟ್ಲ್ ಕುಂಡಿಗ್ ಸುಡ್ತಿತ್ತ್ ಮಾರಾಯಾ, ಆರೂ ಏಳುಕ್ ಮನಸಿಲ್ಲ” ಅಂತ ದೊಡ್ಡಪ್ಪ ಈಗಲೂ ಹೇಳುತ್ತಾರೆ. ಕಟ್ಟಡದ ಕೆಲಸ ಆಗಿನ್ನೂ ಪೂರ್ತಿ ಮುಗಿದಿರಲಿಲ್ಲ. ಆದರೆ ಗೆದ್ದ ಮೇಲೆ ಅದು ‘ನಮ್ಮ ಗ್ರೌಂಡ್’ ಆಗಿಬಿಟ್ಟಿತ್ತು. ಇನ್ನೊಂದು ವಿಷಯ ನೋಡಿ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಗಿತ್ತು. ಹೊಸ ಹೆಸರು ಬಂದ ಅದೇ ಸೀಸನ್ನಿನಲ್ಲಿ ಮೊದಲ ಕಪ್ಪು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷ ನವೆಂಬರ್ 22ಕ್ಕೆ ಇಲ್ಲಿ ಮೊದಲ ಟೆಸ್ಟ್. ವೆಸ್ಟ್ ಇಂಡೀಸ್ ನಾಯಕನಾಗಿ ಕ್ಲೈವ್ ಲಾಯ್ಡ್‌ಗೆ ಅದು ಮೊದಲ ಪಂದ್ಯ, 163 ಬಾರಿಸಿದರು. ಗಾರ್ಡನ್ ಗ್ರಿನಿಜ್‌ಗೂ ಅದೇ ಮೊದಲ ಟೆಸ್ಟ್, 93 ಮತ್ತು 107. ಇನ್ನೊಬ್ಬ ಹೊಸ ಹುಡುಗ 4 ಮತ್ತು 3 ರನ್ನಿಗೆ ಔಟಾಗಿ ಹೋದ. ಆ ಹುಡುಗನ ಹೆಸರು ವಿವಿಯನ್ ರಿಚರ್ಡ್ಸ್! ಆಮೇಲೆ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್ ಆಡಿದ್ದೂ ಇಲ್ಲೇ. 1987ರಲ್ಲಿ ಪಾಕಿಸ್ತಾನದ ವಿರುದ್ಧ, ಬಾಲು ಬುಗುರಿಯ ಹಾಗೆ ತಿರುಗುತ್ತಿದ್ದ ಪಿಚ್ಚಿನ ಮೇಲೆ 96. ಭಾರತ 16 ರನ್ನಿನಿಂದ ಸೋತಿತು. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಅಮೀರ್ ಸೊಹೈಲ್ ಬ್ಯಾಟ್ ತೋರಿಸಿದ್ದು, ವೆಂಕಟೇಶ್ ಪ್ರಸಾದ್ ಮುಂದಿನ ಬಾಲಿಗೇ ಸ್ಟಂಪ್ ಹಾರಿಸಿದ್ದು ಆಗ ಹುಟ್ಟಿರದವರಿಗೂ ಬಾಯಿಪಾಠ.

ಹೀಗೆ 30 ವರ್ಷಕ್ಕೂ ಹೆಚ್ಚು ಕಾಲ ಬಾಳಿ ಬದುಕಿದ ಮನೆಗೆ 2008ರಲ್ಲಿ ಒಬ್ಬ ಹೊಸ ಬಾಡಿಗೆದಾರ ಬಂದ.

ಆ ವರ್ಷ ಜನವರಿಯಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ಬೆಂಗಳೂರು ತಂಡ ಖರೀದಿಸಿದರು. ಎಂಟು ತಂಡಗಳಲ್ಲಿ ಇದಕ್ಕಿಂತ ದುಬಾರಿ ಮುಂಬೈ ಮಾತ್ರ. ತಂಡಕ್ಕೆ ಹೆಸರು ಬಂದಿದ್ದು ಅವರ ಕಂಪನಿಯ ವಿಸ್ಕಿಯಿಂದ. ರಾಹುಲ್ ದ್ರಾವಿಡ್ ಕ್ಯಾಪ್ಟನ್. ‘ಇದು ಟೆಸ್ಟ್ ಟೀಮು’ ಅಂತ ಎಲ್ಲರೂ ಆಡಿಕೊಂಡರು. ಎಂಟರಲ್ಲಿ ಏಳನೇ ಸ್ಥಾನ ಬಂತು.

ನಮ್ಮ ಕಡೆಯವರಿಗೆ ಈ ಐಪಿಎಲ್ ವ್ಯವಹಾರ ವಿಚಿತ್ರ ಅನಿಸಲೇ ಇಲ್ಲ ಅನ್ನುವುದು ನನ್ನ ಸಿದ್ಧಾಂತ. ಯಾಕೆಂದರೆ ನಾವು ಮೇಳಗಳನ್ನು ನೋಡಿಕೊಂಡು ಬೆಳೆದವರು. ಮಂದಾರ್ತಿ ಮೇಳ, ಸಾಲಿಗ್ರಾಮ ಮೇಳ, ಪೆರ್ಡೂರು ಮೇಳ. ನವೆಂಬರಿನ ಹೊತ್ತಿಗೆ ತಿರುಗಾಟಕ್ಕೆ ಹೊರಟರೆ ಮೇ ಕೊನೆಯಲ್ಲಿ, ಪತ್ತನಾಜೆಯ ಸುಮಾರಿಗೆ, ಗೆಜ್ಜೆ ಬಿಚ್ಚುವುದು. ಮಳೆಗಾಲದಲ್ಲಿ ಊರ ತುಂಬ ಒಂದೇ ಸುದ್ದಿ: ಯಾವ ಭಾಗವತರು ಯಾವ ಮೇಳ ಬಿಟ್ಟರು, ಯಾವ ವೇಷಧಾರಿ ಎಲ್ಲಿಗೆ ಸೇರಿದರು. ಹರಾಜು ಒಂದು ಇಲ್ಲ ಅಷ್ಟೇ. ಕೆಲವರು ಕಲಾವಿದನ ಹಿಂದೆ ಹೋಗುತ್ತಾರೆ, ಕೆಲವರು ಮೇಳವನ್ನೇ ಹಿಡಿದುಕೊಂಡಿರುತ್ತಾರೆ. ಆರ್‌ಸಿಬಿಗೂ ಅಷ್ಟೇ. ದ್ರಾವಿಡ್ ರಾಜಸ್ಥಾನಕ್ಕೆ ಹೋದರು. ರಾಬಿನ್ ಉತ್ತಪ್ಪ, ಮನೀಶ್ ಪಾಂಡೆ ಬೇರೆ ಬೇರೆ ತಂಡಗಳಿಗೆ ಹೋದರು. ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್ಸಿನಲ್ಲಿ ಬೆಳೆದ ನಮ್ಮ ಕರಾವಳಿ ಹುಡುಗ ಕೆ.ಎಲ್. ರಾಹುಲ್ ಬಂದ, ಹೋದ, ಮತ್ತೆ ಬಂದ, ಮತ್ತೆ ಹೋದ. ಉಳಿದಿದ್ದು ದೆಹಲಿಯ ಹುಡುಗನೊಬ್ಬ. ಮೊದಲ ಸೀಸನ್ನಿನಿಂದ 18ನೇ ಸೀಸನ್ನಿನ ತನಕ ಒಂದೇ ತಂಡಕ್ಕೆ ಆಡಿದವನು ವಿರಾಟ್ ಕೊಹ್ಲಿ ಒಬ್ಬನೇ.

ಈ 18 ವರ್ಷದಲ್ಲಿ ಸೋತ ರೀತಿಗಳನ್ನು ಬರೆದರೆ ಒಂದು ಪ್ರಸಂಗ ಆಗುತ್ತದೆ. 2009ರಲ್ಲಿ ಚುನಾವಣೆ ಅಂತ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅನಿಲ್ ಕುಂಬ್ಳೆ ಒಂದು ಪಂದ್ಯದಲ್ಲಿ 5 ರನ್ನಿಗೆ 5 ವಿಕೆಟ್ ತೆಗೆದರು, ತಂಡವನ್ನು ಫೈನಲಿಗೆ ಒಯ್ದರು, ಫೈನಲಿನಲ್ಲೂ 16ಕ್ಕೆ 4 ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು. ಆದರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋಲು. 2011ರ ಫೈನಲಿನಲ್ಲಿ ಚೆನ್ನೈ ಎದುರು 58 ರನ್ನಿನ ಸೋಲು. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ 66 ಬಾಲಿಗೆ 175 ಚಚ್ಚಿದ, ತಂಡದ ಮೊತ್ತ 263. ಸರಿಯಾಗಿ ನಾಲ್ಕು ವರ್ಷದ ನಂತರ ಅದೇ ಏಪ್ರಿಲ್ 23ಕ್ಕೆ ಈಡನ್ ಗಾರ್ಡನ್ಸಿನಲ್ಲಿ 49ಕ್ಕೆ ಆಲೌಟ್!

ಎಲ್ಲಕ್ಕಿಂತ ಹೆಚ್ಚು ಸುಟ್ಟಿದ್ದು 2016ರ ಮೇ 29. ಫೈನಲ್ ನಮ್ಮ ಅಂಗಳದಲ್ಲೇ. ಆ ಸೀಸನ್ನಿನಲ್ಲಿ ಕೊಹ್ಲಿ 973 ರನ್ ಮಾಡಿದ್ದ. ಹೈದರಾಬಾದಿನ 208ಕ್ಕೆ ಉತ್ತರವಾಗಿ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದರು. ನಾನು ಸ್ಟ್ಯಾಂಡಿನಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಅಂಕಲ್ ಒಬ್ಬರು ಆಗಲೇ ಮನೆಗೆ ಫೋನ್ ಮಾಡಿ ‘ಪಾಯಸ ಇಡು’ ಅಂದಿದ್ದರು. 8 ರನ್ನಿನಿಂದ ಸೋತೆವು. ಸ್ಟೇಡಿಯಂ ಖಾಲಿಯಾಗುವಾಗ ಆ ಸಾವಿರಾರು ಜನ ಮಾತಿಲ್ಲದೆ ಇಳಿದು ಹೋದ ಸದ್ದು, ಬರೀ ಕಾಲಿನ ಸದ್ದು, ನನ್ನ ಕಿವಿಯಲ್ಲಿ ಇನ್ನೂ ಇದೆ. ಗೇಟು ದಾಟಿ ಫುಟ್‌ಪಾತಿಗೆ ಬಂದಾಗ ಒತ್ತಡ ಎಷ್ಟಿತ್ತೆಂದರೆ ಹತ್ತು ಹೆಜ್ಜೆ ನನ್ನ ಕಾಲು ನಾನು ಹೇಳಿದಲ್ಲಿ ಇಳಿಯಲಿಲ್ಲ. ಅದನ್ನು ಆಗ ಗಮನಿಸಿದ್ದೆ, ಮರೆತೂ ಬಿಟ್ಟಿದ್ದೆ. ಸೋತ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ಆ ವರ್ಷಗಳಲ್ಲಿ ಬಾಸ್ಟನ್ ಕಡೆಯ ಒಬ್ಬ ಕ್ಲೈಂಟ್ ಜೊತೆ ನನಗೆ ದಿನಾ ಸಂಜೆ ಕಾಲ್ ಇರುತ್ತಿತ್ತು. ಬೇಸ್‌ಬಾಲ್ ಹುಚ್ಚಿನ ಮನುಷ್ಯ. ನಮ್ಮ ತಂಡದ ಗೋಳು ಕೇಳಿ ಜೋರಾಗಿ ನಕ್ಕು, ‘ನಿಮ್ಮದಿನ್ನೂ ಎಂಟು ವರ್ಷವಾ? ನಮ್ಮ ರೆಡ್ ಸಾಕ್ಸ್ 86 ವರ್ಷ ಕಾದಿತ್ತು’ ಅಂದ. ನಿಜ. 1918ರಲ್ಲಿ ಗೆದ್ದ ಮೇಲೆ ಮಾಲೀಕರು ಬೇಬ್ ರುತ್ ಅನ್ನುವ ಮಹಾ ಆಟಗಾರನನ್ನು ನ್ಯೂಯಾರ್ಕಿನ ಯಾಂಕೀಸ್‌ಗೆ ಮಾರಿಬಿಟ್ಟರು. ಮತ್ತೆ ಗೆದ್ದಿದ್ದು 2004ರಲ್ಲಿ. ಅಲ್ಲಿಯ ತನಕ ಅಜ್ಜ, ಮಗ, ಮೊಮ್ಮಗ ಎಲ್ಲರೂ 1912ರಲ್ಲಿ ಕಟ್ಟಿದ ಫೆನ್‌ವೇ ಪಾರ್ಕ್ ಅನ್ನುವ ಅದೇ ಹಳೆಯ ಅಂಗಳಕ್ಕೆ ಹೋಗಿ, ಸೋತು, ವಾಪಸು ಬಂದರು. ಆಮೇಲೆ ಅವನೇ ಇನ್ನೊಂದು ಮಾತು ಹೇಳಿದ. 2004ರ ಅಕ್ಟೋಬರಿನಲ್ಲಿ ಯಾಂಕೀಸ್ ಅನ್ನು ಸೋಲಿಸಿದ ರಾತ್ರಿ ಫೆನ್‌ವೇ ಹೊರಗೆ ಜನ ಬೀದಿಗಿಳಿದಿದ್ದರು. ಗುಂಪು ಚದುರಿಸಲು ಪೊಲೀಸರು ಹಾರಿಸಿದ ಪೆಪ್ಪರ್ ಗುಂಡು ತಾಗಿ 21 ವರ್ಷದ ಕಾಲೇಜು ಹುಡುಗಿಯೊಬ್ಬಳು ಸತ್ತಳು. ಅವಳು ಏನೂ ಗಲಾಟೆ ಮಾಡಿದವಳಲ್ಲ, ಸುಮ್ಮನೆ ಸಂಭ್ರಮ ನೋಡಲು ಬಂದವಳು. ‘ಆ ಸರಣಿ ನೆನಪಾದರೆ ನನಗೆ ಅವಳೂ ನೆನಪಾಗುತ್ತಾಳೆ’ ಅಂದ. ಆಗ ನನಗೆ ಆ ಮಾತು ಅಷ್ಟು ತಟ್ಟಲಿಲ್ಲ.

2024ರಲ್ಲಿ ಕಾಲ ಬದಲಾದ ಹಾಗೆ ಕಂಡಿತು. ಮಾರ್ಚ್ 17ಕ್ಕೆ ಸ್ಮೃತಿ ಮಂಧಾನ ನಾಯಕತ್ವದ ಮಹಿಳಾ ತಂಡ ದೆಹಲಿಯಲ್ಲಿ ಕಪ್ ಎತ್ತಿತು. ಫೈನಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಎರಡು ದಿನ ಬಿಟ್ಟು ಚಿನ್ನಸ್ವಾಮಿಯಲ್ಲಿ ನಡೆದ ಕಾರ್ಯಕ್ರಮದಲ್ಲಿ ತಂಡದ ಹೆಸರಿನ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂತು. ಮೈಸೂರು ಕರ್ನಾಟಕವಾದ ಸೀಸನ್ನಿನಲ್ಲಿ ರಣಜಿ ಬಂದಿತ್ತು ಅಂದೆನಲ್ಲ. ನಾನು ಆಫೀಸಿನಲ್ಲಿ ಎಲ್ಲರಿಗೂ ಇದನ್ನೇ ಹೇಳಿಕೊಂಡು ತಿರುಗಿದೆ. ಆ ವರ್ಷ ಬರಲಿಲ್ಲ. ಮುಂದಿನ ವರ್ಷ ಬಂತು.

2025ರ ವಿಚಿತ್ರ ಏನೆಂದರೆ, ಆರ್‌ಸಿಬಿ ಗೆದ್ದಿದ್ದು ಹೆಚ್ಚಾಗಿ ಹೊರಗೆ. ಲೀಗಿನಲ್ಲಿ ಬೇರೆಯವರ ಊರಿಗೆ ಹೋಗಿ ಆಡಿದ ಏಳಕ್ಕೆ ಏಳೂ ಪಂದ್ಯ ಗೆದ್ದಿತು. ಐಪಿಎಲ್ ಇತಿಹಾಸದಲ್ಲಿ ಯಾರೂ ಮಾಡಿರಲಿಲ್ಲ. ಮನೆಯಂಗಳದಲ್ಲಿ ಮಾತ್ರ ಮೊದಲ ಮೂರೂ ಪಂದ್ಯ ಸೋಲು. ಮೇ 17ಕ್ಕೆ ಕೋಲ್ಕತಾ ವಿರುದ್ಧದ ಪಂದ್ಯ. ಕೊಹ್ಲಿ ಟೆಸ್ಟಿಗೆ ವಿದಾಯ ಹೇಳಿ ಐದು ದಿನವಾಗಿತ್ತು. ಜನ ಕೆಂಪು ಜೆರ್ಸಿ ಬಿಟ್ಟು ಬಿಳಿ ಜೆರ್ಸಿ ಹಾಕಿಕೊಂಡು ಬಂದರು. ಮಳೆ ಬಂತು. ಒಂದು ಬಾಲೂ ಹಾಕಲಿಲ್ಲ. ಆದರೂ ಅಷ್ಟು ಜನ ಬಿಳಿ ಬಟ್ಟೆಯಲ್ಲಿ ಮಳೆ ನೋಡುತ್ತಾ ಕೂತಿದ್ದರು. ‘ಹೋಮ್ ಗ್ರೌಂಡ್’ ಅಂದರೆ ಏನು ಅಂತ ನನ್ನನ್ನು ಕೇಳಿದರೆ ನಾನು ಆ ಸಂಜೆಯನ್ನೇ ತೋರಿಸುತ್ತೇನೆ. ಆಟ ಇಲ್ಲದಿದ್ದರೂ ಜನ ಕೂರುವ ಜಾಗ.

ಜೂನ್ 3, ಅಹಮದಾಬಾದ್. ನಾವು 190, ಪಂಜಾಬ್ 184. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು 2 ವಿಕೆಟ್. ಆಡಿದ ಹನ್ನೊಂದು ಮಂದಿಯಲ್ಲಿ ಕನ್ನಡಿಗ ಮಯಾಂಕ್ ಅಗರ್ವಾಲ್ ಒಬ್ಬನೇ, ಅವನೂ ಗಾಯಗೊಂಡ ಪಡಿಕ್ಕಲ್ ಬದಲಿಗೆ ಬಂದವನು. ಅಂತರ 6 ರನ್. 2009ರಲ್ಲಿ ಕುಂಬ್ಳೆ ಸೋತಿದ್ದೂ 6 ರನ್ನಿನಿಂದ. ನಾವಿರುವ ಅಪಾರ್ಟ್‌ಮೆಂಟಿನ ಎಲ್ಲ ಬಾಲ್ಕನಿಗಳಲ್ಲೂ ತಟ್ಟೆ ಬಡಿದರು. ಊರಿನಿಂದ ದೊಡ್ಡಪ್ಪ ಫೋನ್ ಮಾಡಿ ಮಾತೇ ಆಡದೆ ನಗುತ್ತಿದ್ದರು.

ಮರುದಿನ ಬುಧವಾರ. ವಿಧಾನಸೌಧದಲ್ಲಿ ಸನ್ಮಾನ, ನಂತರ ಚಿನ್ನಸ್ವಾಮಿಯಲ್ಲಿ ವಿಜಯೋತ್ಸವ ಅಂತ ಸುದ್ದಿ. ನನಗೆ ಮೀಟಿಂಗ್ ಇತ್ತು, ಹೋಗಲಿಲ್ಲ. ಚಿಕ್ಕಮ್ಮನ ಮಗ ಹೋದ. ಅವನಿಗೆ 23 ವರ್ಷ, ಕೆಲಸಕ್ಕೆ ಸೇರಿ ಆರು ತಿಂಗಳು. ‘ಅಣ್ಣ, ಬಸ್ಸಿನ ಫೋಟೋ ಕಳಿಸ್ತೆ’ ಅಂತ ಮೆಸೇಜ್ ಹಾಕಿದ್ದ.

ಐದೂವರೆ ಹೊತ್ತಿಗೆ ಚಿಕ್ಕಮ್ಮನ ಫೋನ್. “ಮಾಣಿ ಫೋನ್ ತೆಗಿತಿಲ್ಲ ಮಗಾ. ಟಿವಿಯಲ್ಲ್ ಎಂತೆಂತದೋ ತೋರ್ಸ್ತಿದ್ರ್. ನೀನೊಂದ್ಚೂರ್ ಕಾಣ್.” ನಾನು ಮಾಡಿದರೂ ರಿಂಗ್ ಆಗಲಿಲ್ಲ. ಹೊರಟೆ. ಕಬ್ಬನ್ ಪಾರ್ಕ್, ವಿಧಾನಸೌಧ ಮೆಟ್ರೋ ನಿಲ್ದಾಣಗಳಲ್ಲಿ ರೈಲು ನಿಲ್ಲಿಸುತ್ತಿಲ್ಲ ಅಂತ ಗೊತ್ತಾಯಿತು. ಎಂ.ಜಿ. ರಸ್ತೆಯಲ್ಲಿ ಇಳಿದು ಎದುರಿನಿಂದ ಬರುತ್ತಿದ್ದ ಜನದ ನಡುವೆ ಒಬ್ಬೊಬ್ಬರ ಮುಖ ನೋಡುತ್ತಾ ನಡೆದೆ. ಎಷ್ಟು ಕೆಂಪು ಜೆರ್ಸಿ, ಎಷ್ಟು ಬೆನ್ನಿನ ಮೇಲೆ 18 ನಂಬರು! ಒಂದೊಂದೂ ಅವನೇ ಅನ್ನಿಸುತ್ತಿತ್ತು. ಏಳೂವರೆಗೆ ಯಾರದ್ದೋ ಫೋನಿನಿಂದ ಅವನೇ ಕರೆ ಮಾಡಿದ. ಒಂದು ಮರದ ಬುಡದಲ್ಲಿ ಕೂತಿದ್ದ. ಮೈಗೆ ಪೆಟ್ಟಾಗಿರಲಿಲ್ಲ. “ಅಣ್ಣ, ಒಂದ್ ಶೂ ಹೋಯ್ತ್” ಅಂದ, ಮತ್ತೆ ಮತ್ತೆ ಅದನ್ನೇ ಅಂದ. ಅವನ ಪಕ್ಕ ನಿಂತಿದ್ದ ಹುಡುಗನೊಬ್ಬ ಕೆಳಗೆ ಬಿದ್ದವನು ಎದ್ದನೋ ಇಲ್ಲವೋ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಆ ದಿನ ಸ್ಟೇಡಿಯಂನ ಗೇಟುಗಳ ಹೊರಗೆ 11 ಜನ ಸತ್ತರು. ಶಾಲೆಗೆ ಹೋಗುವ ಮಕ್ಕಳಿದ್ದರು, ಕಾಲೇಜು ಹುಡುಗರಿದ್ದರು, ನಮ್ಮ ನಿಮ್ಮ ಹಾಗೆ ಲ್ಯಾಪ್‌ಟಾಪ್ ಮಡಚಿಟ್ಟು ಬಂದವರಿದ್ದರು. ಐವತ್ತಕ್ಕೂ ಹೆಚ್ಚು ಜನರಿಗೆ ಗಾಯ. ಸ್ಟೇಡಿಯಂಗೆ ಹಿಡಿಸುವುದು ಸುಮಾರು 35 ಸಾವಿರ, ಬಂದವರು ಎರಡು ಮೂರು ಲಕ್ಷ ಅಂತ ಸರ್ಕಾರವೇ ಹೇಳಿತು. ಮರುದಿನ ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗ ಜುಲೈನಲ್ಲಿ ವರದಿ ಕೊಟ್ಟಿತು. ದೊಡ್ಡ ಜನಸಂದಣಿಗೆ ಈ ಸ್ಟೇಡಿಯಂ ಸುರಕ್ಷಿತವಲ್ಲ, ಸಾಲು ನಿಲ್ಲಲು ಪ್ರತ್ಯೇಕ ಜಾಗವಿಲ್ಲ, ಗೇಟುಗಳು ನೇರ ಫುಟ್‌ಪಾತಿಗೇ ತೆರೆಯುತ್ತವೆ ಅನ್ನುವುದು ಅದರ ಮಾತು. 2016ರಲ್ಲಿ ನನ್ನ ಕಾಲು ಹತ್ತು ಹೆಜ್ಜೆ ನನ್ನ ಮಾತು ಕೇಳದಿದ್ದ ಜಾಗವೂ ಅದೇ ಫುಟ್‌ಪಾತ್.

ಈ ಸ್ಟೇಡಿಯಂನಲ್ಲಿ ಬುದ್ಧಿವಂತಿಕೆಗೆ ಕಡಿಮೆ ಇರಲಿಲ್ಲ. 2015ರಲ್ಲಿ ಛಾವಣಿಯ ಮೇಲೆ 400 ಕಿಲೋವ್ಯಾಟ್ ಸೋಲಾರ್ ಬಂತು. ಆಮೇಲೆ ಹುಲ್ಲಿನ ಕೆಳಗಿನಿಂದ ಮಳೆ ನೀರು ಎಳೆದು ಹಾಕುವ ಸಬ್‌ಏರ್ ವ್ಯವಸ್ಥೆ ಬಂತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಮೈದಾನ ಒಣಗುತ್ತದೆ. ನೀರು ಎಲ್ಲಿಂದ ಬಂದು ಎಲ್ಲಿಂದ ಹೋಗಬೇಕು ಅಂತ ಕೂತು ಲೆಕ್ಕ ಹಾಕಿದ್ದಾರೆ. ಜನ ಎಲ್ಲಿಂದ ಬಂದು ಎಲ್ಲಿಂದ ಹೋಗಬೇಕು ಅನ್ನುವ ಲೆಕ್ಕ ಮಾತ್ರ 1970ರ ದಶಕದಲ್ಲಿ ಕಟ್ಟಿದಲ್ಲೇ ಉಳಿಯಿತು.

ಈಗ ನವೆಂಬರ್ 2ರ ಹೊಟ್ಟೆಕಿವುಚು. ಮಹಿಳಾ ವಿಶ್ವಕಪ್ಪಿನ ಉದ್ಘಾಟನಾ ಪಂದ್ಯ ಬೆಂಗಳೂರಿನಲ್ಲಿ ಅಂತ ಮೊದಲು ನಿಗದಿಯಾಗಿತ್ತು. ಫೈನಲ್ ಬೆಂಗಳೂರು, ಇಲ್ಲದಿದ್ದರೆ ಕೊಲಂಬೊ. ಜೂನ್ 4ರ ನಂತರ ಬೆಂಗಳೂರನ್ನು ಪಟ್ಟಿಯಿಂದ ತೆಗೆದು ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂಗೆ ಕೊಟ್ಟರು. ಹರ್ಮನ್‌ಪ್ರೀತ್ ಕಪ್ ಎತ್ತಿದ್ದು ಅಲ್ಲಿ. 2010ರಲ್ಲೂ ಹೀಗೇ ಆಗಿತ್ತು. ಏಪ್ರಿಲ್ 17ಕ್ಕೆ ಮುಂಬೈ ಪಂದ್ಯಕ್ಕೆ ಮೊದಲು ಚಿನ್ನಸ್ವಾಮಿ ಹೊರಗೋಡೆಯ ಹತ್ತಿರ ಬಾಂಬ್ ಸ್ಫೋಟವಾಗಿ, ಇಲ್ಲಿ ನಡೆಯಬೇಕಿದ್ದ ಐಪಿಎಲ್ ಸೆಮಿಫೈನಲುಗಳು ಅದೇ ಡಿ.ವೈ. ಪಾಟೀಲ್‌ಗೆ ಹೋದವು. ಆಗ ಯಾರೋ ದುಷ್ಟರು ಮಾಡಿದ್ದು ಅಂತ ಬೈದುಕೊಂಡು ಸಮಾಧಾನ ಪಡಬಹುದಿತ್ತು. ಈ ಸಲ ಆ ಸಮಾಧಾನವೂ ಇಲ್ಲ.

ನಮ್ಮೂರಲ್ಲಿ ಮಂದಾರ್ತಿ ಮೇಳದ ಹರಕೆ ಆಟ ಆಡಿಸುವವರನ್ನು ನೋಡಿದ್ದೇನೆ. ಆಟ ಮೇಳದ್ದು, ದೇವಿ ಎಲ್ಲರವಳು. ಆದರೆ ಆ ರಾತ್ರಿಯ ಮಟ್ಟಿಗೆ ಹೊಣೆ ಆಟ ಆಡಿಸುವ ಮನೆಯವರದ್ದು. ಟಿಕೆಟ್ ಇಲ್ಲ, ಯಾರಿಗೂ ಬರಬೇಡಿ ಅನ್ನುವ ಹಾಗಿಲ್ಲ. ಹಾಗಾಗಿ ಎಷ್ಟು ಜನ ಬರಬಹುದು ಅಂತ ಯಜಮಾನರು ವಾರದ ಮೊದಲೇ ಅಂದಾಜು ಹಾಕುತ್ತಾರೆ. ಗದ್ದೆಯ ಅಂಚು ಕಡಿದು ದಾರಿ ಅಗಲ ಮಾಡಿಸುತ್ತಾರೆ. ಕತ್ತಲೆ ಇರುವಲ್ಲಿ ಟ್ಯೂಬ್‌ಲೈಟು ಕಟ್ಟಿಸುತ್ತಾರೆ. ಬಾವಿಗೆ ಅಡ್ಡ ಹಲಗೆ ಇಡಿಸುತ್ತಾರೆ. ಊಟ ಬಡಿಸಿದ ಮೇಲೆ ಚೌಕಿಗೆ ಒಂದು ಸುತ್ತು, ಜನ ಕೂತಲ್ಲಿಗೆ ಒಂದು ಸುತ್ತು. ಬೆಳಿಗ್ಗೆ ಮಂಗಳ ಹಾಡಿ ಕೊನೆಯ ಅಜ್ಜಿ ಮನೆ ಸೇರಿದಳು ಅಂತ ಗೊತ್ತಾದ ಮೇಲೆಯೇ ಅವರಿಗೆ ನಿದ್ದೆ. ‘ಆಟ ಆಡಿಸೂದ್’ ಅಂದರೆ ನಮ್ಮಲ್ಲಿ ಅರ್ಥ ಅದು.

‘ಈ ಸಲ ಕಪ್ ನಮ್ದು’ ಅಂತ ನಾನೂ ಕಿರುಚಿದ್ದೇನೆ. ತಂಡ ನಮ್ಮದಲ್ಲ, ಕಂಪನಿಯದ್ದು. ಆಟಗಾರರು ಬೇರೆ ಬೇರೆ ಊರಿನವರು. ಸ್ಟೇಡಿಯಂ ಸಂಸ್ಥೆಯದ್ದು, ಅದರ ನೆಲ ಸರ್ಕಾರದ್ದು. ಹಾಗಿದ್ದೂ 17 ಸೀಸನ್ ಸೋತಾಗಲೂ ಬಂದು ಕೂತು ಅದನ್ನು ‘ನಮ್ದು’ ಮಾಡಿದವರು ಜನ. ಗೆದ್ದ ಮರುದಿನ ಅವರು ಬರುವುದು ನಿಶ್ಚಯವಾಗಿತ್ತು. ಬಂದವರಿಗೆ ದಾರಿ ಅಗಲ ಮಾಡುವ ಯಜಮಾನ ಯಾರು ಅಂತ ಮಾತ್ರ ನಿಶ್ಚಯವಾಗಿರಲಿಲ್ಲ. ತಪ್ಪು ಯಾರದ್ದು ಅಂತ ಕೋರ್ಟು ಹೇಳುತ್ತದೆ. ನನಗೆ ಬೇಕಾಗಿರುವುದು ಮುಂದಿನ ಸಲಕ್ಕೆ ಆ ಯಜಮಾನನ ಹೆಸರು.

ಸ್ಟೇಡಿಯಂ ಅನ್ನೇ ಊರಾಚೆ ಒಯ್ಯೋಣ ಅನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಅಮೆರಿಕದಲ್ಲೇ ಎರಡೂ ಆಗಿದೆ. ಬ್ರೂಕ್ಲಿನ್ ಡಾಡ್ಜರ್ಸ್ 1957ರ ಸೀಸನ್ ಮುಗಿದ ಮೇಲೆ ಲಾಸ್ ಏಂಜಲೀಸ್‌ಗೆ ಹೊರಟು ಹೋಯಿತು, ಅವರ ಎಬೆಟ್ಸ್ ಫೀಲ್ಡನ್ನು 1960ರಲ್ಲಿ ಕೆಡವಿದರು. ಫೆನ್‌ವೇಯನ್ನೂ ಬಿಟ್ಟು ಹೊಸದು ಕಟ್ಟುವ ಯೋಜನೆ ಇತ್ತು. ಆದರೆ ಹೊಸ ಮಾಲೀಕರು ಬಂದು ಹಳೆಯದನ್ನೇ ವರ್ಷ ವರ್ಷ ರಿಪೇರಿ ಮಾಡಿಸುತ್ತಾ ಹೋದರು. 1912ರ ಅಂಗಳದಲ್ಲಿ ಇವತ್ತಿಗೂ ಆಟ ನಡೆಯುತ್ತಿದೆ. ವಿಶ್ವನಾಥ್ ಆಡಿದ ನೆಲ ಉಳಿಯಲಿ ಅನ್ನುವ ಆಸೆ ನನಗಿದೆ. ಆದರೆ ಗೇಟಿನ ಹೊರಗೆ ನಿಲ್ಲಲು ಜಾಗ ಮಾಡಲು ಆಗದಿದ್ದರೆ ಆ ಆಸೆಯನ್ನು ಹಠ ಮಾಡಬಾರದು.

ಕಳೆದ ತಿಂಗಳು ದೊಡ್ಡಪ್ಪ ಕಣ್ಣಿನ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಬಂದಿದ್ದರು. ವಾಪಸು ಬರುವಾಗ ಕ್ವೀನ್ಸ್ ರಸ್ತೆಯ ಕಡೆಯಿಂದ ಕಾರು ತಿರುಗಿಸಿದೆ. ಸ್ಟೇಡಿಯಂ ಪಕ್ಕ ನಿಧಾನ ಮಾಡು ಅಂದರು. ಗೇಟು ಮುಚ್ಚಿತ್ತು. ಹಿಂದಿನ ಸೀಟಿನಲ್ಲಿದ್ದ ಚಿಕ್ಕಮ್ಮನ ಮಗ ಕಿಟಕಿಯ ಆ ಕಡೆ ಮುಖ ತಿರುಗಿಸಿ ಕೂತಿದ್ದ. ದೊಡ್ಡಪ್ಪ ಅವನನ್ನೊಮ್ಮೆ ನೋಡಿದರು, ಗೇಟನ್ನೊಮ್ಮೆ ನೋಡಿದರು. 1974ರ ಕಥೆ ಈ ಸಲ ಹೇಳಲಿಲ್ಲ.

“ನಡಿ ಮಗಾ, ಮನೆಗೆ ಹೋಪ” ಅಂದರು.